ಇಸ್ಲಾಮಿನ ಧರ್ಮಶಾಸ್ತ್ರ ಮತ್ತು ಸಮಾಜ: ಪ್ರಬಂಧವೊಂದು ಮುದ್ರಣಕ್ಕೆ ಸಿದ್ಧವಾಗುವ ಬಗೆ

ಹಂಪೆಯ ಹಾಳುಪಟ್ಟಣದಲ್ಲಿ ಅರಮನೆಯ ಆವರಣಗಳನ್ನು ದಾಟಿ ಈಶಾನ್ಯದ ಕಡೆಗೆ ನಡೆದರೆ, ವಿದ್ವಾಂಸರು ಮುಸಲ್ಮಾನರ ಕೇರಿಯೆಂದು ಗುರುತಿಸಿರುವ ಪ್ರದೇಶವು ಸಿಕ್ಕುತ್ತದೆ. ಅಲ್ಲಿ ಕಲ್ಲುಕಂಬಗಳ ಮೇಲೆ ತೊಲೆ ಚಪ್ಪಡಿಗಳನ್ನು ಹೊದಿಸಿದ ಒಂದು ಸಾದಾ ಕಟ್ಟಡವಿದೆ. ಅದಕ್ಕೆ ಗುಮ್ಮಟವಿಲ್ಲ, ಮಿನಾರುಗಳಿಲ್ಲ. ದೂರದಿಂದ ನೋಡಿದವರಿಗೆ ಹಂಪೆಯ ಅಸಂಖ್ಯ ಮಂಟಪಗಳಲ್ಲಿ ಇದೂ ಒಂದೆಂದೇ ತೋರುವುದು. ಆದರೆ ಅದು ಪೂರ್ವಕ್ಕೆ ತೆರೆದಿದೆ. ಪಶ್ಚಿಮದ ಗೋಡೆಯಲ್ಲಿ ನಮಾಜಿನ ದಿಕ್ಕನ್ನು ಸೂಚಿಸುವ ಮಿಹ್ರಾಬಿನ ಗೂಡಿದೆ. ಸಮೀಪದಲ್ಲಿ ಗುಮ್ಮಟವುಳ್ಳ ಗೋರಿಯೊಂದಿದೆ. ಕಟ್ಟಡದಲ್ಲಿರುವ ಶಾಸನವು ಕನ್ನಡದ್ದು. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದಖಾನನು ಕ್ರಿ.ಶ. ೧೪೩೯ರಲ್ಲಿ ತನ್ನ ಒಡೆಯನಿಗೆ ಪುಣ್ಯವಾಗಲೆಂದು ಈ ಕಟ್ಟಡವನ್ನು ಮಾಡಿಸಿದನೆಂದು ಅದು ತಿಳಿಸುತ್ತದೆ. ಕಟ್ಟಡಕ್ಕೆ ಶಾಸನವು ಕೊಡುವ ಹೆಸರು 'ಧರ್ಮಶಾಲೆ'.

ಇಸ್ಲಾಮಿನ ಧರ್ಮಶಾಸ್ತ್ರಕ್ಕೂ ಈ ನಾಡಿನ ಸಮಾಜಕ್ಕೂ ಇದ್ದ ಸಂಬಂಧವನ್ನು ಕುರಿತು ಪ್ರಬಂಧ ಬರೆಯಹೊರಟ ಅಭ್ಯಾಸಿಗೆ ಮೊದಲ ಪರೀಕ್ಷೆ ಎದುರಾಗುವುದು ಇಲ್ಲಿಯೇ. 'ಅಹಮದಖಾನನು ಮಸೀದಿಯನ್ನು ಕಟ್ಟಿಸಿದನು' ಎಂದು ಬರೆಯಬೇಕೋ, 'ಧರ್ಮಶಾಲೆಯನ್ನು ಕಟ್ಟಿಸಿದನು' ಎಂದು ಬರೆಯಬೇಕೋ? ಮೊದಲಿನದು ಕಟ್ಟಡವು ಹೇಳುವ ಮಾತು, ಎರಡನೆಯದು ಕಲ್ಲಿನ ಬರಹವು ಹೇಳುವ ಮಾತು. ಇವೆರಡನ್ನೂ ಬೇರೆ ಬೇರೆಯಾಗಿ ದಾಖಲಿಸದೆ ಒಂದನ್ನು ಇನ್ನೊಂದರಲ್ಲಿ ಕರಗಿಸಿಬಿಟ್ಟರೆ ಉಳಿದ ಪ್ರಬಂಧವೆಲ್ಲ ಆ ಒಂದು ಪದದ ಮೇಲೆ ವಾಲುತ್ತದೆ. ಅನ್ಯಧರ್ಮದ ಅರಸನಿಗೆ ಅಂಜಿ ಮಸೀದಿಯೆಂಬ ಹೆಸರನ್ನು ಮರೆಮಾಚಿದರೆಂದು ಒಬ್ಬನು ಊಹಿಸಬಹುದು. ಸರ್ವಧರ್ಮಸಮನ್ವಯದ ಉಜ್ಜ್ವಲ ನಿದರ್ಶನವೆಂದು ಮತ್ತೊಬ್ಬನು ಉದ್ಗರಿಸಬಹುದು. ಕಲ್ಲು ಇವೆರಡನ್ನೂ ಹೇಳುವುದಿಲ್ಲ. ಮುಸಲ್ಮಾನ ಸೇವಕನೊಬ್ಬನು ತನ್ನ ಒಡೆಯನ ನಾಡಿನ ನುಡಿಯಲ್ಲಿ, ಆ ನಾಡಿನವರು ಪುಣ್ಯಕಾರ್ಯಕ್ಕೆ ಬಳಸುವ ಮಾತಿನಲ್ಲಿ, ತನ್ನ ಕಾರ್ಯವನ್ನು ಬರೆಯಿಸಿದನೆಂಬಷ್ಟನ್ನೇ ಅದು ಹೇಳುತ್ತದೆ. ಹಾಗೆ ನೋಡಿದರೆ ಅಷ್ಟೇ ಸಾಕಷ್ಟು ದೊಡ್ಡ ಸಂಗತಿ. ಆ ಕಟ್ಟಡವು ವಕ್ಫ್ ಆಗಿತ್ತೆಂದು ಈ ಶಾಸನವನ್ನು ಆಧಾರವಾಗಿಟ್ಟುಕೊಂಡು ಬರೆಯಲು ಬಾರದು, ಆಗಿರಲಿಲ್ಲವೆಂದು ಬರೆಯಲೂ ಬಾರದು. ಶಾಸನವು ಆ ಪ್ರಶ್ನೆಯನ್ನೇ ಎತ್ತಿಲ್ಲ.

ಅಭ್ಯಾಸಿಗಳ ಅನುಕೂಲಕ್ಕಾಗಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಹಂಪೆಯ ಶಾಸನಗಳನ್ನು ರೈಸರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಳೆಯ ಸಂಪುಟಗಳಲ್ಲಿ ಹುಡುಕಿ ನಿರಾಶರಾಗುವವರುಂಟು. ಆ ಸಂಪುಟಗಳು ಮೈಸೂರು ಸಂಸ್ಥಾನಕ್ಕೂ ಕೊಡಗಿಗೂ ಸಂಬಂಧಿಸಿದವು. ಬಳ್ಳಾರಿ ಜಿಲ್ಲೆಯು ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿನ ಕನ್ನಡ ಶಾಸನಗಳು ದಕ್ಷಿಣ ಭಾರತೀಯ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಸೇರಿವೆ. ೧೯೯೧ರಲ್ಲಿ ಹಂಪೆಯ ನೆರೆಯಲ್ಲಿಯೇ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವೂ ಈ ಭಾಗದ ಶಾಸನಗಳ ಸಂಪುಟಗಳನ್ನು ಹೊರತಂದಿದೆ. ಆಡಳಿತದ ಗಡಿಯು ವಿದ್ವತ್ತಿನ ದಾರಿಯನ್ನೂ ತಿರುಗಿಸುತ್ತದೆಂಬುದಕ್ಕೆ ಇದೊಂದು ಉದಾಹರಣೆ. ಈ ಗಡಿಗಳ ಮಾತು ಮುಂದೆ ಮತ್ತೆ ಬರುವುದು.

ಅದೇ ದೇವರಾಯನನ್ನು ಕುರಿತು ಇನ್ನೊಂದು ಪ್ರಸಂಗವು ಪ್ರಸಿದ್ಧವಾಗಿದೆ. ಅವನು ತನ್ನ ಸೈನ್ಯಕ್ಕೆ ಮುಸಲ್ಮಾನರನ್ನು ಸೇರಿಸಿಕೊಂಡು, ಅವರಿಗೆ ಜಹಗೀರುಗಳನ್ನು ಕೊಟ್ಟು, ಪಟ್ಟಣದಲ್ಲಿ ಮಸೀದಿಯನ್ನು ಕಟ್ಟಿಸಿ, ತನ್ನ ಸಿಂಹಾಸನದ ಮುಂದೆ ಕುರಾನಿನ ಪ್ರತಿಯೊಂದನ್ನು ಇರಿಸಿದನಂತೆ. ಮುಸಲ್ಮಾನನು ದೇವರೊಬ್ಬನಿಗಲ್ಲದೆ ಅನ್ಯರಿಗೆ ಸಾಷ್ಟಾಂಗವೆರಗಲಾಗದು. ಮುಂದೆ ಗ್ರಂಥವಿದ್ದರೆ ಅರಸನಿಗೆ ಸಲ್ಲಬೇಕಾದ ಗೌರವವೂ ಸಲ್ಲುತ್ತದೆ, ಬಾಗಿದವನ ಧರ್ಮಶಾಸ್ತ್ರಕ್ಕೂ ಭಂಗ ಬರುವುದಿಲ್ಲ. ಧರ್ಮಶಾಸ್ತ್ರದ ಒಂದು ಸೂಕ್ಷ್ಮಕ್ಕೆ ಆಸ್ಥಾನದ ಶಿಷ್ಟಾಚಾರವು ದಾರಿ ಮಾಡಿಕೊಟ್ಟ ಈ ಪ್ರಸಂಗವು ಪ್ರಬಂಧಕಾರನಿಗೆ ಬಂಗಾರದಂಥದು. ಅಷ್ಟಕ್ಕೇ ಅವನು ಹೆಚ್ಚು ಎಚ್ಚರದಿಂದಿರಬೇಕು.

ಏಕೆಂದರೆ ಇದನ್ನು ಹೇಳುವವನು ಫಿರಿಸ್ತಾ. ಅವನು ವಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಹದಿನೇಳನೆಯ ಶತಮಾನದ ಆರಂಭದಲ್ಲಿ ಬರೆದವನು. ದೇವರಾಯನ ಕಾಲಕ್ಕೂ ಅವನ ಲೇಖನಿಗೂ ನಡುವೆ ನೂರ ಅರವತ್ತು ವರ್ಷಗಳಿಗೂ ಮಿಕ್ಕ ಅಂತರವಿದೆ. ಅವನ ಪಾರಸಿ ಗ್ರಂಥವು ಹೆಚ್ಚಿನ ಓದುಗರಿಗೆ ತಲುಪಿರುವುದು ೧೮೨೯ರಲ್ಲಿ ಪ್ರಕಟವಾದ ಬ್ರಿಗ್ಸ್ ಎಂಬ ಸೇನಾಧಿಕಾರಿಯ ಇಂಗ್ಲಿಷ್ ಭಾಷಾಂತರದ ಮೂಲಕ. ಹಂಪೆಯ ಓದುಗರಿಗಂತೂ ರಾಬರ್ಟ್ ಸಿವೆಲ್ಲರು ೧೯೦೦ರಲ್ಲಿ ಬರೆದ ಗ್ರಂಥದ ಮೂಲಕ. ಆದುದರಿಂದ 'ದೇವರಾಯನು ಕುರಾನನ್ನು ಇರಿಸಿದನು' ಎಂಬ ವಾಕ್ಯವು ಪ್ರಬಂಧದಲ್ಲಿ ಬರತಕ್ಕದ್ದಲ್ಲ. 'ಇರಿಸಿದನೆಂದು ಫಿರಿಸ್ತಾ ಹೇಳುತ್ತಾನೆ' ಎಂಬುದೇ ಬರತಕ್ಕದ್ದು. ಎರಡು ಪದಗಳ ವ್ಯತ್ಯಾಸ. ಆದರೆ ಮೊದಲಿನದು ಇತಿಹಾಸವೆಂಬಂತೆ ನಿಲ್ಲುತ್ತದೆ, ಎರಡನೆಯದು ಸಾಕ್ಷ್ಯವಾಗಿ ನಿಲ್ಲುತ್ತದೆ. ೧೫೨೦ರ ಸುಮಾರಿಗೆ ಪಟ್ಟಣವನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪೇಸನು, ಮುಸಲ್ಮಾನರ ಕೇರಿಯನ್ನೂ ಅಲ್ಲಿ ಅರಸನಿಂದ ಸಂಬಳ ಪಡೆಯುವ ಕಾವಲುಭಟರನ್ನೂ ಉಲ್ಲೇಖಿಸುತ್ತಾನೆ. ಕೇರಿಯ ಇರವಿಗೆ ಅವನ ಮಾತು ಬಲವಾದ ಆಧಾರ. ಸಿಂಹಾಸನದ ಮುಂದಿನ ಗ್ರಂಥಕ್ಕೆ ಅಲ್ಲ. ಯಾವ ಸಾಕ್ಷಿಯು ಯಾವ ಮಾತಿಗೆ ಎಂಬುದನ್ನು ಹೀಗೆ ಬಿಡಿಸಿ ಇಡುವುದರಲ್ಲಿಯೇ ಪ್ರಬಂಧದ ಅರ್ಧ ಕೆಲಸ ಮುಗಿಯುತ್ತದೆ.

ಈ ಶಿಸ್ತು ಶರಣಸಾಹಿತ್ಯದ ಅಭ್ಯಾಸಿಗಳಿಗೆ ಹೊಸದೇನೂ ಅಲ್ಲ. ಅಹಮದಖಾನನ ಧರ್ಮಶಾಲೆ ಎದ್ದ ಕಾಲವೂ ವಚನಗಳ ಸಂಕಲನ ವ್ಯಾಖ್ಯಾನಗಳು ಸಮೃದ್ಧವಾಗಿ ನಡೆದ ಕಾಲವೂ ಒಂದೇ. ಪ್ರೌಢದೇವರಾಯನೆಂದು ವೀರಶೈವ ಪರಂಪರೆಯು ನೆನೆಯುವ ಅರಸನು ಈ ಎರಡನೆಯ ದೇವರಾಯನೇ. ಅವನ ದಂಡನಾಯಕನಾದ ಲಕ್ಕಣ್ಣನು 'ಶಿವತತ್ತ್ವಚಿಂತಾಮಣಿ'ಯನ್ನು ಬರೆದನು. ಜಕ್ಕಣಾರ್ಯ, ಮಹಲಿಂಗದೇವ ಮೊದಲಾದವರು ವಚನಗಳನ್ನು ಸ್ಥಲಗಳಿಗೆ ಅಳವಡಿಸಿ ಜೋಡಿಸುವ ಕಾರ್ಯದಲ್ಲಿ ತೊಡಗಿದರು. ಶತಮಾನಗಳ ಅನಂತರ ವಿಜಾಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಗಳಿಂದ ಸಂಗ್ರಹಿಸಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಅಲ್ಲಿಂದ ಮುಂದೆ ೧೯೯೩ರಲ್ಲಿ ಹದಿನೈದು ಸಂಪುಟಗಳಾಗಿ ಬಂದ ಸಮಗ್ರ ವಚನಸಾಹಿತ್ಯದವರೆಗೆ ಸಂಪಾದಕರು ಕಲಿತ ಪಾಠವೆಂದರೆ, ಅಂಕಿತವನ್ನು ಪರೀಕ್ಷಿಸದೆ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಡಬಾರದು, ಪಾಠಾಂತರವನ್ನು ಅಡಗಿಸಬಾರದು ಎಂಬುದು. 'ಲಿಂಗ', 'ಜಂಗಮ', 'ದಾಸೋಹ' ಎಂಬ ಪದಗಳು ಇಂಗ್ಲಿಷಿಗೆ ಹೋಗಿ ಏನಾಗಿ ಹಿಂತಿರುಗಿದವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ದಾಸೋಹವನ್ನು ಬರಿಯ ಅನ್ನದಾನವೆಂದು, ಜಂಗಮನನ್ನು ಭಿಕ್ಷುಕನೆಂದು ಬರೆದ ಪುಟಗಳನ್ನು ಓದಿ ನೊಂದವರು, ನೆರೆಯವರ ಪದಗಳನ್ನು ತಾವು ಬರೆಯುವಾಗ ಅದೇ ತಪ್ಪಿಗೆ ಇಳಿಯಲಾರರಷ್ಟೆ.

ಇಸ್ಲಾಮಿನ ಧರ್ಮಶಾಸ್ತ್ರದ ವಿಷಯದಲ್ಲಿ ಆ ತಪ್ಪು ಎಷ್ಟು ದೂರ ಹೋಯಿತೆಂಬುದಕ್ಕೆ 'ಹಿದಾಯಾ'ದ ಕಥೆಯೇ ಸಾಕು. ಹನ್ನೆರಡನೆಯ ಶತಮಾನದ, ಎಂದರೆ ಕಲ್ಯಾಣದ ಶರಣರ ಶತಮಾನದಲ್ಲಿಯೇ ಬದುಕಿದ್ದ ಮರ್ಘೀನಾನಿ ಎಂಬ ಮಧ್ಯ ಏಷ್ಯದ ಪಂಡಿತನು ಅರಬ್ಬಿಯಲ್ಲಿ ರಚಿಸಿದ ಹನಫೀ ಧರ್ಮಶಾಸ್ತ್ರಗ್ರಂಥವದು. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಕಂಪೆನಿಯ ನ್ಯಾಯಾಲಯಗಳ ಉಪಯೋಗಕ್ಕಾಗಿ ಅದನ್ನು ಮೊದಲು ಪಾರಸಿಗೆ ತರಿಸಿ, ಆ ಪಾರಸಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಿರುಗಿಸಿದನು. ೧೭೯೧ರಲ್ಲಿ ಅದು ಅಚ್ಚಾಯಿತು. ಅರಬ್ಬಿ ತಿಳಿಯದ ನ್ಯಾಯಾಧೀಶರು ಈ ಎರಡು ಸಲ ತಿರುಗಿದ ಮಾತನ್ನು ಆಧಾರವಾಗಿಟ್ಟುಕೊಂಡು ತೀರ್ಪುಗಳನ್ನು ಕೊಟ್ಟರು. ತೀರ್ಪುಗಳು ಮುಂದಿನ ತೀರ್ಪುಗಳಿಗೆ ಆಧಾರವಾದವು. ಈ ಕ್ರಮದಲ್ಲಿ ಬೆಳೆದುದು 'ಮಹಮ್ಮದೀಯ ಕಾನೂನು' ಎಂಬ ಹೊಸ ಶಾಖೆ. ಅದು ಸುಳ್ಳಲ್ಲ, ಭಾರತದ ನ್ಯಾಯಾಲಯಗಳಲ್ಲಿ ಅದು ಸಜೀವವಾಗಿತ್ತು. ಆದರೆ ಅದೇ ಫಿಕ್ಹ್ ಎಂದು ತಿಳಿಯುವುದು ತಪ್ಪು. ಇಂಗ್ಲಿಷ್ ಪಠ್ಯವೊಂದನ್ನು ಮುಂದಿಟ್ಟುಕೊಂಡು ಕನ್ನಡದಲ್ಲಿ ಬರೆಯುವವನು ಕೆಲವೊಮ್ಮೆ ಮೂಲದಿಂದ ಮೂರನೆಯ ಮೆಟ್ಟಿಲಿನಲ್ಲಿ ನಿಂತಿರುತ್ತಾನೆ. ಅದನ್ನು ಪ್ರಬಂಧದ ಮೊದಲ ಪುಟದಲ್ಲಿಯೇ ಒಪ್ಪಿಕೊಂಡರೆ ಮಾನಹಾನಿಯೇನೂ ಇಲ್ಲ.

ಶರೀಅತ್ ಎಂಬುದು ದೈವಿಕವೆಂದು ಶ್ರದ್ಧಾವಂತನು ನಂಬುವ ಮಾರ್ಗ. ಫಿಕ್ಹ್ ಎಂಬುದು ಆ ಮಾರ್ಗವನ್ನು ಅರಿಯಲು ಪಂಡಿತರು ಮಾಡಿದ ಪ್ರಯತ್ನ. ಪಂಡಿತರಿದ್ದೆಡೆ ಭಿನ್ನಾಭಿಪ್ರಾಯವೂ ಇರುವುದು ಸಹಜ. ಸುನ್ನಿಗಳಲ್ಲಿ ಹನಫೀ, ಮಾಲಿಕೀ, ಶಾಫಿಈ, ಹಂಬಲೀ ಎಂದು ನಾಲ್ಕು ಪಂಥಗಳು ನಿಂತಿವೆ. ಶಿಯಾಗಳ ಶಾಸ್ತ್ರ ಬೇರೆ. 'ಇಸ್ಲಾಮಿನಲ್ಲಿ ಹೀಗಿದೆ' ಎಂದು ಒಂದೇ ಉಸಿರಿನಲ್ಲಿ ಬರೆಯುವವರು ಕಂಪ್ಲಿಯ ಇತಿಹಾಸದೊಡನೆ ಹೊಂದಿಕೊಂಡ ಒಬ್ಬ ಸಾಕ್ಷಿಯನ್ನು ನೆನೆಯಬೇಕು. ೧೩೨೭ರಲ್ಲಿ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನಿಗೆ ತಿರುಗಿಬಿದ್ದ ಬಹಾವುದ್ದೀನ್ ಗುರ್ಷಾಸ್ಪನು ಕಂಪಿಲರಾಯನಲ್ಲಿ ಮರೆಹೊಕ್ಕನು. ಮರೆಹೊಕ್ಕವನನ್ನು ಒಪ್ಪಿಸಲೊಲ್ಲದೆ ರಾಯನು ರಾಜ್ಯವನ್ನೂ ಪ್ರಾಣವನ್ನೂ ತೆತ್ತನು. ಕುಮಾರರಾಮನ ಸಾಂಗತ್ಯಗಳೂ ಸಂಡೂರಿನ ಬೆಟ್ಟಗಳ, ಕುಮ್ಮಟದುರ್ಗದ ಜನರ ಬಾಯಿಮಾತುಗಳೂ ಈ ಪತನದ ಕಥೆಯನ್ನು ಬೇರೊಂದು ಬಗೆಯಲ್ಲಿ ಹೇಳುತ್ತವೆ. ಮಲತಾಯಿ ರತ್ನಾಜಿಯ ಪ್ರಸಂಗವು ಅಲ್ಲಿ ಮುಂದಾಗಿದೆ. ಶರಣಾಗತನ ರಕ್ಷಣೆಯ ಸಂಗತಿಯನ್ನು ಮೆಚ್ಚುಗೆಯಿಂದ ಬರೆದಿಟ್ಟವನಾದರೋ ಮೊರಾಕೋ ದೇಶದ ಇಬ್ನ್ ಬತೂತಾ. ಕಂಪಿಲರಾಯನ ಮಕ್ಕಳಲ್ಲಿ ಕೆಲವರನ್ನು ದಿಲ್ಲಿಯಲ್ಲಿ ಬಲ್ಲವನಾಗಿದ್ದನೆಂದು ಅವನೇ ಹೇಳಿಕೊಂಡಿದ್ದಾನೆ.

ಈ ಇಬ್ನ್ ಬತೂತಾ ಕೇವಲ ಯಾತ್ರಿಕನಲ್ಲ. ದಿಲ್ಲಿಯಲ್ಲಿ ಖಾಜಿಯಾಗಿ ನೇಮಕಗೊಂಡ ಧರ್ಮಶಾಸ್ತ್ರಜ್ಞ. ಅವನು ಮಾಲಿಕೀ ಪಂಥದವನು, ಊರಿನ ಜನ ಹನಫೀಗಳು, ಅವರ ನುಡಿಯೂ ಅವನಿಗೆ ತಿಳಿಯದು. ಆದುದರಿಂದ ಸುಲ್ತಾನನು ಇಬ್ಬರು ಸಹಾಯಕರನ್ನು ಕೊಡಬೇಕಾಯಿತು. ಮುಂದೆ ಕರಾವಳಿಯ ಹೊನ್ನಾವರಕ್ಕೆ ಬಂದಾಗ ಅಲ್ಲಿನ ಮುಸಲ್ಮಾನರು ಶಾಫಿಈಗಳೆಂದು ಗುರುತುಹಾಕಿಕೊಂಡನು. ಪಟ್ಟಣದಲ್ಲಿ ಗಂಡುಮಕ್ಕಳಿಗೆ ೨೩, ಹೆಣ್ಣುಮಕ್ಕಳಿಗೆ ೧೩ ಪಾಠಶಾಲೆಗಳಿದ್ದುದನ್ನು ಕಂಡು ಬೆರಗಾದನು. ಹೀಗೆ ಒಬ್ಬನೇ ಶಾಸ್ತ್ರಜ್ಞನ ಒಂದೇ ಪ್ರವಾಸದಲ್ಲಿ ಮೂರು ಪಂಥಗಳು ಎದುರಾದವು. ಇಂದಿಗೂ ಭಟ್ಕಳದ ನವಾಯತರು ಶಾಫಿಈಗಳು. ಹೊಸಪೇಟೆ, ಕಂಪ್ಲಿಗಳ ಸುನ್ನಿಗಳಲ್ಲಿ ಹೆಚ್ಚಿನವರು ಹನಫೀಗಳು. ಪಂಥಗಳ ನಡುವೆ ಗೋಡೆಗಳಿವೆಯೆಂದೂ ಭಾವಿಸಲಾಗದು. ೧೯೩೯ರ ಮುಸ್ಲಿಂ ವಿವಾಹ ವಿಸರ್ಜನ ಕಾಯಿದೆಯು ಹನಫೀ ಸ್ತ್ರೀಯರ ಕಷ್ಟಪರಿಹಾರಕ್ಕಾಗಿ ಮಾಲಿಕೀ ಶಾಸ್ತ್ರದ ವಿಧಿಗಳನ್ನು ಎರವಲು ಪಡೆಯಿತು. ಅದಕ್ಕೆ ದಾರಿ ತೋರಿದವರು ಹನಫೀ ಉಲೇಮರೇ.

ಇನ್ನು ಪದಗಳ ಮಾತು. ಕನ್ನಡದ ಕಚೇರಿಯ ಭಾಷೆಯು ಅರಬ್ಬಿ ಪಾರಸಿಗಳಿಂದ ತುಂಬಿಹೋಗಿದೆ: ಹಕ್ಕು, ದಾವೆ, ವಾರಸು, ಜಾಮೀನು, ಅಸಲು, ನಕಲು, ವಕೀಲ, ಅರ್ಜಿ. ರೈತನೊಬ್ಬನು ಹೊಸಪೇಟೆಯ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಇವುಗಳಲ್ಲಿ ಅರ್ಧವನ್ನಾದರೂ ಆಡಿರುತ್ತಾನೆ. ಆದರೆ ಮನೆಗೆ ಬಂದ ಪದವು ಮೂಲದ ಅರ್ಥವನ್ನೇ ಹೊತ್ತಿರಬೇಕೆಂಬ ನಿಯಮವಿಲ್ಲ. 'ತಕರಾರು' ಅರಬ್ಬಿಯಲ್ಲಿ ಪುನರಾವೃತ್ತಿ, ಕನ್ನಡದಲ್ಲಿ ಆಕ್ಷೇಪ. ಸಂಗಮವಂಶದ ಅರಸರು 'ಹಿಂದೂರಾಯ ಸುರತ್ರಾಣ' ಎಂಬ ಬಿರುದನ್ನು ಧರಿಸಿದಾಗ 'ಸುಲ್ತಾನ' ಎಂಬ ಪದವು ದೇವತೆಗಳ ರಕ್ಷಕನೆಂಬ ಸಂಸ್ಕೃತದ ಅಂಗಿಯನ್ನು ತೊಟ್ಟಿತು. ಈ ಕಾರಣದಿಂದ ಪರಿಚಿತವಾಗಿ ಕಾಣುವ ಪದವೇ ಹೆಚ್ಚು ಅಪಾಯಕಾರಿ.

ಮಹರನ್ನು ವರದಕ್ಷಿಣೆಯೆಂದು ಬರೆದವರುಂಟು. ಅದು ವರನು ವಧುವಿಗೆ ಕೊಡತಕ್ಕ, ಅವಳದೇ ಆದ ಧನ. ಕನ್ಯಾಶುಲ್ಕವೂ ಅಲ್ಲ, ಏಕೆಂದರೆ ಅದರಲ್ಲಿ ತಂದೆಗೆ ಪಾಲಿಲ್ಲ. ವಕ್ಫನ್ನು ದಾನವೆನ್ನುವುದು ಅರ್ಧಸತ್ಯ. ದಾನದಲ್ಲಿ ಸ್ವಾಮ್ಯವು ಪಡೆದವನಿಗೆ ಹೋಗುತ್ತದೆ; ವಕ್ಫಿನಲ್ಲಿ ಆಸ್ತಿಯು ದೇವರಿಗೆ ಸೇರಿದುದೆಂದು ಭಾವಿಸಿ ಅದನ್ನು ಸ್ಥಿರವಾಗಿ ತಡೆಹಿಡಿಯಲಾಗುತ್ತದೆ, ಫಲವು ಮಾತ್ರ ಉದ್ದಿಷ್ಟ ಕಾರ್ಯಕ್ಕೆ ಸಲ್ಲುತ್ತದೆ. ಮುತವಲ್ಲಿಯು ಒಡೆಯನಲ್ಲ, ನೋಡಿಕೊಳ್ಳುವವನು. ಮಠದ ಆಸ್ತಿಯ ಸ್ವರೂಪವನ್ನು ಬಲ್ಲವರಿಗೆ ಇದನ್ನು ಗ್ರಹಿಸುವುದು ಸುಲಭ. ಆದರೂ ಎರಡೂ ಒಂದೇ ಎನ್ನಲಾಗದು. ಫತ್ವಾ ಎಂಬುದು ಕೇಳಿದ ಪ್ರಶ್ನೆಗೆ ಮುಫ್ತಿಯು ಕೊಡುವ ಅಭಿಪ್ರಾಯವೇ ಹೊರತು ಆಜ್ಞೆಯಲ್ಲ. ಅದಕ್ಕೆ ಕಾನೂನಿನ ಬಲವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರಲ್ಲಿ ಸ್ಪಷ್ಟಪಡಿಸಿದೆ. ಖಾಜಿಯ ವಿಷಯವಂತೂ ಕಾಲಕ್ಕೆ ತಕ್ಕಂತೆ ಬದಲಾದುದು. ಸುಲ್ತಾನರ ಕಾಲದಲ್ಲಿ ಅವನು ನ್ಯಾಯಾಧೀಶ. ಬ್ರಿಟಿಷ್ ಸರ್ಕಾರವು ೧೮೬೪ರಲ್ಲಿ ಖಾಜಿಗಳ ನೇಮಕವನ್ನು ನಿಲ್ಲಿಸಿ, ಮದುವೆಗಳಿಗೆ ತೊಡಕಾಗಲು ೧೮೮೦ರ ಕಾಯಿದೆಯಿಂದ ಮತ್ತೆ ಆರಂಭಿಸಿತಾದರೂ ನ್ಯಾಯನಿರ್ಣಯದ ಅಧಿಕಾರವನ್ನು ಹಿಂದಿರುಗಿಸಲಿಲ್ಲ. ಹಳೆಯ ಕಾಗದಪತ್ರವೊಂದರಲ್ಲಿ 'ಖಾಜಿ' ಎಂದು ಕಂಡಾಗ ಯಾವ ಕಾಲದ ಖಾಜಿ ಎಂದು ಕೇಳಿಕೊಳ್ಳದೆ ಮುಂದೆ ಹೋಗಲಾಗದು.

ಬರಹದ ರೂಪವೂ ನೆಟ್ಟಗಿರಬೇಕು. ಅರಬ್ಬಿಯ ಕೆಲವು ಧ್ವನಿಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ. 'ಖಾಜಿ', 'ಕಾಜಿ', 'ಖಾಝಿ' ಮೂರೂ ಬಳಕೆಯಲ್ಲಿವೆ. ಯಾವುದನ್ನಾದರೂ ಆರಿಸಿಕೊಳ್ಳಬಹುದು, ಆದರೆ ಒಂದೇ ಪ್ರಬಂಧದಲ್ಲಿ ಮೂರೂ ಬಂದರೆ ಓದುಗನು ಮೂವರು ಅಧಿಕಾರಿಗಳಿದ್ದರೆಂದು ತಿಳಿದಾನು. ಶಾಸನದ ಪಾಠವನ್ನು ಕೊಡುವಾಗ ಮಾತ್ರ ಕಲ್ಲಿನಲ್ಲಿರುವಂತೆಯೇ ಬರೆಯಬೇಕು, ತಿದ್ದಬಾರದು. ವರ್ಷಗಣನೆಯಲ್ಲಿ ಹಿಜರಿ ವರ್ಷವು ಸೌರವರ್ಷಕ್ಕಿಂತ ಸುಮಾರು ೧೧ ದಿನ ಚಿಕ್ಕದೆಂಬುದನ್ನು ಮರೆಯಲಾಗದು. ಕ್ರಿ.ಶ. ೧೪೩೯ನೆಯ ಇಸವಿಯಲ್ಲಿಯೇ ಹಿಜರಿ ೮೪೨ ಮುಗಿದು ೮೪೩ ಆರಂಭವಾಯಿತು. ತಿಂಗಳು ತಿಳಿಯದಿದ್ದರೆ ಎರಡು ಇಸವಿಗಳನ್ನೂ ಗೆರೆಯಿಟ್ಟು ಕೊಡುವುದು ವಿದ್ವತ್ಪತ್ರಿಕೆಗಳ ರೂಢಿ.

ಗಡಿಗಳ ಮಾತಿಗೆ ಈಗ ಹಿಂತಿರುಗಬಹುದು. ಹೊಸಪೇಟೆ, ಹಂಪೆ, ಕಂಪ್ಲಿಗಳು ೧೮೦೦ರಲ್ಲಿ ನಿಜಾಮನಿಂದ ಕಂಪೆನಿಗೆ ಬಂದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದವು. ಕೂಗಳತೆಯ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿ ಪ್ರತ್ಯೇಕವಾಗಿತ್ತು. ೧೯೩೭ರ ಶರೀಅತ್ ಅನ್ವಯ ಕಾಯಿದೆಯು ಬ್ರಿಟಿಷ್ ಭಾರತಕ್ಕಾಗಿ ಹುಟ್ಟಿದುದು. ಸಂಡೂರಿನಂಥ ಸಂಸ್ಥಾನಕ್ಕೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಆ ಕಾಯಿದೆಯು ಬೇಸಾಯದ ಭೂಮಿಯನ್ನು ಹೊರಗಿರಿಸಿತ್ತು, ಏಕೆಂದರೆ ಭೂಮಿಯು ಆಗ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಮದ್ರಾಸ್ ಶಾಸನಸಭೆಯು ೧೯೪೯ರಲ್ಲಿ ತಿದ್ದುಪಡಿ ಮಾಡಿ ಅದನ್ನೂ ಒಳಗೆ ತಂದಿತು. ಅದೇ ವರ್ಷ ಸಂಡೂರು ಮದ್ರಾಸಿನಲ್ಲಿ ವಿಲೀನವಾಯಿತು. ೧೯೫೩ರ ಅಕ್ಟೋಬರ್ ೧ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಎಂದರೆ ಹೊಲದಲ್ಲಿ ಮಗಳಿಗೆ ಪಾಲುಂಟೇ ಎಂಬ ಒಂದೇ ಪ್ರಶ್ನೆಯನ್ನು ಕಂಪ್ಲಿಯ ಕುಟುಂಬವೊಂದು ೧೯೩೬ರಲ್ಲಿಯೂ ೧೯೫೦ರಲ್ಲಿಯೂ ಕೇಳಿದ್ದರೆ ಪರಿಶೀಲಿಸಬೇಕಾದ ಕಾನೂನು ಎರಡು ಬಗೆಯದು. 'ಶರೀಅತ್ತಿನಂತೆ ಹೀಗೆ' ಎಂಬ ಒಂದೇ ವಾಕ್ಯದಿಂದ ಇದನ್ನು ಮುಗಿಸಲಾದೀತೆ? ೨೦೨೧ರಲ್ಲಿ ವಿಜಯನಗರ ಜಿಲ್ಲೆ ರಚಿತವಾದಾಗ ಹೊಸಪೇಟೆ, ಹಂಪೆಗಳು ಅದಕ್ಕೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದವು. ದಾಖಲೆಗಳನ್ನು ಹುಡುಕುವವರು ಈಗ ಎರಡು ಜಿಲ್ಲಾಕೇಂದ್ರಗಳಿಗೆ ಅಲೆಯಬೇಕಾದೀತು. ಇತ್ತೀಚಿನ ಕಾನೂನಿನ ಮಾತು ಬಂದರೆ ೨೦೧೭ರ ತೀರ್ಪು, ಅದನ್ನನುಸರಿಸಿದ ೨೦೧೯ರ ತಲಾಖ್ ಸಂಬಂಧದ ಕಾಯಿದೆ, ೧೯೯೫ರ ವಕ್ಫ್ ಕಾಯಿದೆಗೆ ೨೦೨೫ರಲ್ಲಿ ಆದ ತಿದ್ದುಪಡಿ ಇವುಗಳನ್ನು ನೋಡದೆ ಹಳೆಯ ಪಠ್ಯವನ್ನೇ ಆಶ್ರಯಿಸುವುದು ಸಲ್ಲದು.

ಶಾಸ್ತ್ರವು ಒಂದು, ಆಚಾರವು ಇನ್ನೊಂದು. ಈ ಭಾಗದ ಹಳ್ಳಿಗಳಲ್ಲಿ ಮೊಹರಂ ತಿಂಗಳಿನಲ್ಲಿ ನಡೆಯುವ ಪೀರಲ ಹಬ್ಬಕ್ಕೆ ಲಿಂಗವಂತರೂ ಬೇಡರೂ ಕುರುಬರೂ ಹರಕೆ ಹೊರುತ್ತಾರೆ, ಫಕೀರರಾಗುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲಿಯೂ ಅಲಾಯಿ ಕುಣಿ ತೋಡುವುದುಂಟು. ಅನೇಕ ಉಲೇಮರು ಇದನ್ನು ಒಪ್ಪುವುದಿಲ್ಲ. ಪ್ರಬಂಧಕಾರನು ಉಲೇಮರ ಪಕ್ಷ ವಹಿಸಿ ಇದು ಇಸ್ಲಾಂ ಅಲ್ಲವೆಂದೂ, ಜನರ ಪಕ್ಷ ವಹಿಸಿ ಇದೇ ನಿಜವಾದ ಇಸ್ಲಾಂ ಎಂದೂ ತೀರ್ಪು ಕೊಡಬೇಕಾಗಿಲ್ಲ. ಯಾರು ಏನು ಮಾಡುತ್ತಾರೆ, ಯಾರು ಏನು ಹೇಳುತ್ತಾರೆ ಎಂಬುದನ್ನು ಹೆಸರಿಸಿ ಬರೆದರೆ ಸಾಕು. ರಹಮತ್ ತರೀಕೆರೆಯವರ 'ಕರ್ನಾಟಕದ ಸೂಫಿಗಳು' ಇಂಥ ಕ್ಷೇತ್ರಕಾರ್ಯಕ್ಕೆ ಕನ್ನಡದಲ್ಲಿ ಒಳ್ಳೆಯ ಮಾದರಿ.

ಹಸ್ತಪ್ರತಿ ಸಿದ್ಧವಾದ ಮೇಲೆ ಅದನ್ನು ಇಬ್ಬರು ಓದುವುದು ಒಳ್ಳೆಯದು: ಅರಬ್ಬಿ ಬಲ್ಲ ಮೌಲವಿಯೊಬ್ಬರು, ವಕೀಲರೊಬ್ಬರು. ಅವರು ಗುರುತಿಸಿದ ತಪ್ಪುಗಳನ್ನು ಅಚ್ಚಿಗೆ ಮೊದಲೇ ತಿದ್ದಬೇಕು. ಅಚ್ಚಾದ ಮೇಲೆ ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ಮೂಲೆಯೊಂದರಲ್ಲಿ ಹಾಕಬಹುದು ನಿಜ. ಆದರೆ ತಪ್ಪನ್ನು ಓದಿದವರೆಲ್ಲ ಅದನ್ನು ಓದುವುದಿಲ್ಲ. ಸ್ಥಳದ ಹಕ್ಕಿನ ವ್ಯಾಜ್ಯಗಳಲ್ಲಿ ಪತ್ರಿಕೆಯ ಪ್ರಬಂಧವೂ ಪುರಾವೆಯಾಗಿ ಹಾಜರಾಗುವ ಕಾಲವಿದು. ಕರಡು ತಿದ್ದುವಾಗ ಲೇಖನದ ಒಡಲನ್ನು ನೋಡುವಷ್ಟೇ ಎಚ್ಚರದಿಂದ ಚಿತ್ರಗಳ ಕೆಳಗಿನ ಸಾಲುಗಳನ್ನೂ ನೋಡಬೇಕು. ಅವುಗಳನ್ನು ಬರೆಯುವವರು ಬಹುಮಟ್ಟಿಗೆ ಬೇರೆಯವರಾಗಿರುತ್ತಾರೆ. ಅಹಮದಖಾನನ ಕಟ್ಟಡದ ಚಿತ್ರದ ಕೆಳಗೆ 'ಮಿಹ್ರಾಬುಳ್ಳ ಪ್ರಾರ್ಥನಾಮಂದಿರ, ಕ್ರಿ.ಶ. ೧೪೩೯ರ ಕನ್ನಡ ಶಾಸನದಲ್ಲಿ ಧರ್ಮಶಾಲೆ' ಎಂದಿದ್ದರೆ ಅಚ್ಚಿಗೆ ಕಳುಹಿಸಬಹುದು.